ಕಾಂಪೌಂಡ್ ಬಿಲ್ಲಿಗೆ ತಕ್ಕ ಬಾಣ: ಆಯ್ಕೆಯ ಕ್ರಮ ಮತ್ತು ಮಾರುವವರ ಹೊಣೆ

ಪೀಠಿಕೆ

ಕ್ರೀಡಾ ಸಾಮಗ್ರಿಗಳ ವ್ಯಾಪಾರದಲ್ಲಿ ನೋಟಕ್ಕೆ ಅತಿ ಸರಳವಾಗಿದ್ದು, ಮಾರಾಟದಲ್ಲಿ ಅತಿ ಹೆಚ್ಚಿನ ಎಚ್ಚರಿಕೆಯನ್ನು ಬೇಡುವ ಸರಕುಗಳಲ್ಲಿ ಬಾಣವೂ ಒಂದು. ಒಂದು ದಂಡ, ಒಂದು ಮೊನೆ, ಹಿಂಬದಿಗೆ ಮೂರು ಗರಿ. ಇಷ್ಟೇ ಅಲ್ಲವೇ ಎಂದು ಯಾರಿಗಾದರೂ ಅನಿಸಬಹುದು. ಆದರೆ ಆಧುನಿಕ ಕಾಂಪೌಂಡ್ ಬಿಲ್ಲಿಗೆ ಹೊಂದದ ಬಾಣವನ್ನು ಹೂಡಿದರೆ ಅದು ಗುರಿ ತಪ್ಪುವುದಷ್ಟೇ ಅಲ್ಲ. ಬಿಟ್ಟ ಕ್ಷಣದಲ್ಲೇ ಮುರಿದು ಬಿಲ್ಲು ಹಿಡಿದವನ ಕೈಗೆ ನಾಟಬಹುದು. ಬೇಟೆಗೆ ಕಾನೂನಿನ ಅನುಮತಿಯಿರುವ ದೇಶಗಳಲ್ಲಿ, ಪ್ರಾಣಿಯು ಕೂಡಲೇ ಸಾಯದೆ ಗಾಯಗೊಂಡು ನರಳುವುದಕ್ಕೂ ತಪ್ಪು ಬಾಣವೇ ಕಾರಣವಾಗುವುದುಂಟು. ಆದುದರಿಂದ ಈ ಸರಕನ್ನು ತಯಾರಿಸುವವರೂ ಮಾರುವವರೂ ಅದರ ಲೆಕ್ಕಾಚಾರವನ್ನು ತಿಳಿದಿರುವುದು ಅತ್ಯಗತ್ಯ. ಪ್ರಸ್ತುತ ಪಾಠದ ಉದ್ದೇಶವೂ ಅದೇ ಆಗಿದೆ.

1. ಮಾರುಕಟ್ಟೆ ಎಲ್ಲಿದೆ?

ಕಾಂಪೌಂಡ್ ಬೇಟೆ ಬಿಲ್ಲಿನ ತವರು ಅಮೆರಿಕ ಸಂಯುಕ್ತ ಸಂಸ್ಥಾನ. ಅಲ್ಲಿನ ವಿಸ್ಕಾನ್ಸಿನ್ ರಾಜ್ಯವು 1934ರಲ್ಲಿ ಬಿಲ್ಲುಗಾರರಿಗೆಂದೇ ಜಿಂಕೆ ಬೇಟೆಯ ಅವಧಿಯನ್ನು ಮೊದಲಿಗೆ ನಿಗದಿಪಡಿಸಿತು. ಮಿಸೌರಿ ರಾಜ್ಯದ ಹಾಲೆಸ್ ವಿಲ್ಬರ್ ಆಲನ್ ಎಂಬವರು ರಾಟೆಗಳುಳ್ಳ ಬಿಲ್ಲಿಗೆ 1966ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿ 1969ರಲ್ಲಿ ಪೇಟೆಂಟ್ ಪಡೆದರು. ಇಂದಿನ ಎಲ್ಲ ಕಾಂಪೌಂಡ್ ಬಿಲ್ಲುಗಳಿಗೂ ಇದೇ ಮೂಲ.

ಎಲ್ಲ ದೇಶಗಳಲ್ಲಿಯೂ ಈ ಬೇಟೆಗೆ ಅವಕಾಶವಿಲ್ಲ. ಬ್ರಿಟನ್ನಿನಲ್ಲಿ ಬಿಲ್ಲಿನಿಂದ ಬೇಟೆಯಾಡುವುದು ನಿಷಿದ್ಧ. ನಮ್ಮ ದೇಶದಲ್ಲಿ 1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮವು ವನ್ಯಪ್ರಾಣಿಗಳ ಬೇಟೆಯನ್ನೇ ನಿಷೇಧಿಸಿದೆ. ಹೀಗಾಗಿ ಬೇಟೆ ಬಾಣವೆಂಬುದು ನಮ್ಮ ತಯಾರಕರ ಮಟ್ಟಿಗೆ ಕೇವಲ ರಫ್ತಿನ ವಿಷಯ. ದೇಶದೊಳಗಿನ ಬೇಡಿಕೆ ಇರುವುದು ಗುರಿ ಸ್ಪರ್ಧೆಯ ಬಾಣಗಳಿಗೆ. ಏಷ್ಯನ್ ಕ್ರೀಡಾಕೂಟದಲ್ಲಿ ಕಾಂಪೌಂಡ್ ವಿಭಾಗವು 2014ರಲ್ಲಿ ಸೇರ್ಪಡೆಯಾಯಿತು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಕೂಟದಲ್ಲಿ ಈ ವಿಭಾಗದ ಐದೂ ಚಿನ್ನದ ಪದಕಗಳನ್ನು ಭಾರತವೇ ಗೆದ್ದುಕೊಂಡಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡ ಸ್ಪರ್ಧೆಯನ್ನು ಸೇರಿಸಲಾಗಿದೆ. ಬಾಣದ ಆಯ್ಕೆಯ ಮೂಲತತ್ತ್ವಗಳು ಬೇಟೆಗೂ ಸ್ಪರ್ಧೆಗೂ ಸಮಾನವಾಗಿರುವುದರಿಂದ ಈ ಪಾಠವು ಎರಡೂ ಬಗೆಯ ವರ್ತಕರಿಗೆ ಉಪಯುಕ್ತವಾಗಬಲ್ಲದು.

2. ಬಾಣದ ಮೇಲೆ ಬೀಳುವ ಹೊರೆ

ಸಾಮಾನ್ಯ ಬಿಲ್ಲಿನಲ್ಲಿ ಹೆದೆಯನ್ನು ಎಳೆದಷ್ಟೂ ಭಾರ ಹೆಚ್ಚುತ್ತ ಹೋಗುತ್ತದೆ. ಕಾಂಪೌಂಡ್ ಬಿಲ್ಲಿನಲ್ಲಿ ಹಾಗಲ್ಲ. ಅದರ ಎರಡು ತುದಿಗಳಲ್ಲಿರುವ ಕ್ಯಾಮ್‌ಗಳು ತಿರುಗುವುದರಿಂದ ಭಾರವು ಬಹುಬೇಗ ಶಿಖರಕ್ಕೇರಿ, ಎಳೆತದ ಕೊನೆಯಲ್ಲಿ ಇಳಿದುಬಿಡುತ್ತದೆ. ಈ ಇಳಿಕೆಯು ಬಿಲ್ಲಿನ ಮಾದರಿಯನ್ನನುಸರಿಸಿ ಶೇ. 65ರಿಂದ 90ರವರೆಗೆ ಇರುತ್ತದೆ. 60 ಪೌಂಡ್ ಬಿಲ್ಲಿನಲ್ಲಿ ಶೇ. 80 ಇಳಿಕೆಯಿದ್ದರೆ, ಪೂರ್ಣ ಎಳೆದು ನಿಂತ ಬಿಲ್ಲುಗಾರನು ಹಿಡಿದಿರುವ ಭಾರ ಕೇವಲ 12 ಪೌಂಡ್.

ಆದರೆ ಹೆದೆಯನ್ನು ಬಿಟ್ಟೊಡನೆ ಆ 12 ಪೌಂಡ್ ಮತ್ತೆ 60ಕ್ಕೆ ಏರಿ ಬಾಣದ ಹಿಂತುದಿಯನ್ನು ನೂಕುತ್ತದೆ. ಮುಂತುದಿಯಲ್ಲಿ ಭಾರವಾದ ಮೊನೆ ಇರುವುದರಿಂದ ಅದು ಒಮ್ಮೆಲೇ ಚಲಿಸಲೊಪ್ಪುವುದಿಲ್ಲ. ಈ ಎರಡರ ನಡುವೆ ಸಿಕ್ಕ ದಂಡವು ಬಾಗುತ್ತದೆ. ಎಲ್ಲ ಬಾಣಗಳೂ ಬಾಗುತ್ತವೆ, ಬಾಗುವುದು ದೋಷವಲ್ಲ. ಎಷ್ಟು ಬಾಗಬೇಕೋ ಅಷ್ಟೇ ಬಾಗಿ ನೇರಗೊಳ್ಳಬೇಕು ಎಂಬುದೇ ಆಯ್ಕೆಯ ಗುಟ್ಟು.

3. ಗ್ರಾಹಕರನ್ನು ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಬೆಲೆಯ ಮಾತು ಆಡುವ ಮುನ್ನ ವರ್ತಕರು ಕೆಳಗಿನ ನಾಲ್ಕು ವಿವರಗಳನ್ನು ಬರೆದುಕೊಳ್ಳತಕ್ಕದ್ದು.

(ಅ) ಬಿಲ್ಲಿನ ಶಿಖರ ಸೆಳೆತದ ಬಲ ಎಷ್ಟು ಪೌಂಡ್? ಬಿಲ್ಲಿನ ಮೇಲೆ ಮುದ್ರಿಸಿದ್ದಲ್ಲ, ಸದ್ಯ ತಿರುಪಿ ಹೊಂದಿಸಿರುವುದು ಬೇಕು.
(ಆ) ಸೆಳೆತದ ಉದ್ದ ಎಷ್ಟು ಅಂಗುಲ?
(ಇ) ಮೊನೆಯ ತೂಕ ಎಷ್ಟು ಗ್ರೇನ್?
(ಈ) ಯಾವ ಬಳಕೆಗೆ? ಗುರಿ ಅಭ್ಯಾಸಕ್ಕೋ, ಸ್ಪರ್ಧೆಗೋ, ಬೇಟೆಗೋ. ಬೇಟೆಯಾದರೆ ಯಾವ ಪ್ರಾಣಿಗೆ?

ಈ ವ್ಯಾಪಾರದಲ್ಲಿ ತೂಕವನ್ನು ಅಳೆಯುವುದು ಗ್ರೇನ್‌ಗಳಲ್ಲಿ. 7000 ಗ್ರೇನ್ ಒಂದು ಪೌಂಡಿಗೆ ಸಮ. ಒಂದು ಗ್ರೇನ್ ಎಂದರೆ ಸುಮಾರು 0.0648 ಗ್ರಾಂ. ಬಾಣದ ಉದ್ದವನ್ನು ಹಿಂತುದಿಯ ನಾಕ್‌ನಲ್ಲಿ ಹೆದೆ ಕೂರುವ ಕಚ್ಚಿನ ತಳದಿಂದ ದಂಡದ ಮುಂತುದಿಯವರೆಗೆ ಅಳೆಯಬೇಕು, ಮೊನೆಯನ್ನು ಸೇರಿಸಬಾರದು. ಪೂರ್ಣ ಎಳೆದಾಗ ದಂಡದ ತುದಿಯು ಬಾಣದ ಆಸರೆಗಿಂತ ಕನಿಷ್ಠ ಒಂದು ಅಂಗುಲ ಮುಂದಿರುವಂತೆ ಕತ್ತರಿಸುವುದು ರೂಢಿ. ಇದಕ್ಕಿಂತ ಮೋಟಾದ ಬಾಣವು ಆಸರೆಯಿಂದ ಹಿಂದಕ್ಕೆ ಜಾರಿ ಬೀಳುವ ಸಂಭವವಿದ್ದು, ಆಗ ಹೆದೆ ಬಿಟ್ಟರೆ ಅನಾಹುತ ನಿಶ್ಚಿತ.

4. ಸ್ಪೈನ್: ದಂಡದ ಬಿಗುವಿನ ಅಳತೆ

ದಂಡದ ಬಿಗುವನ್ನು ಸೂಚಿಸುವ ಸಂಖ್ಯೆಗೆ ಸ್ಪೈನ್ ಎಂದು ಹೆಸರು. ಇದನ್ನು ಅಳೆಯುವ ಮಾನಕ ವಿಧಾನ ಸರಳವಾಗಿದೆ. 29 ಅಂಗುಲದ ದಂಡವನ್ನು 28 ಅಂಗುಲ ಅಂತರದ ಎರಡು ಆಧಾರಗಳ ಮೇಲಿರಿಸಿ, ನಡುವೆ 1.94 ಪೌಂಡ್ (ಸುಮಾರು 880 ಗ್ರಾಂ) ತೂಕವನ್ನು ತೂಗಿಬಿಡಲಾಗುತ್ತದೆ. ದಂಡವು ಎಷ್ಟು ಅಂಗುಲ ಜಗ್ಗಿತೋ ಅದನ್ನು ಸಾವಿರದಿಂದ ಗುಣಿಸಿದರೆ ಸ್ಪೈನ್ ದೊರೆಯುತ್ತದೆ. ಅರ್ಧ ಅಂಗುಲ ಜಗ್ಗಿದರೆ ಸ್ಪೈನ್ 500, 0.340 ಅಂಗುಲ ಜಗ್ಗಿದರೆ 340. ಸಂಖ್ಯೆ ಕಡಿಮೆಯಾದಷ್ಟೂ ದಂಡ ಹೆಚ್ಚು ಬಿಗುವು ಎಂಬುದನ್ನು ಹೊಸಬರು ವಿಶೇಷವಾಗಿ ನೆನಪಿಡಬೇಕು. ಅಂಗಡಿಗಳಲ್ಲಿ ಇದನ್ನು ತಿರುಗುಮುರುಗು ಮಾಡಿಕೊಳ್ಳುವ ಸಂಭವ ಹೆಚ್ಚು.

ಇದು ಮೇಜಿನ ಮೇಲಿನ ಅಳತೆ. ಹಾರುವಾಗ ಅದೇ ದಂಡದ ವರ್ತನೆಯು ಬೇರೆ ಸಂಗತಿಗಳಿಂದಲೂ ಬದಲಾಗುತ್ತದೆ.

- ದಂಡ ಉದ್ದವಾದಷ್ಟೂ ಅದು ಹೆಚ್ಚು ಬಾಗುತ್ತದೆ.
- ಮೊನೆ ಭಾರವಾದಷ್ಟೂ ಅದು ಹೆಚ್ಚು ಬಾಗುತ್ತದೆ.
- ಸೆಳೆತದ ಬಲ ಏರಿದಷ್ಟೂ, ಕ್ಯಾಮ್ ತೀಕ್ಷ್ಣವಾದಷ್ಟೂ ಹೆಚ್ಚು ಬಿಗುವಾದ ದಂಡ ಬೇಕಾಗುತ್ತದೆ.

ಅಂದಾಜಿಗೆಂದು ಮೂರು ಉದಾಹರಣೆಗಳನ್ನು ನೋಡಬಹುದು. 100 ಗ್ರೇನ್ ಮೊನೆಯೊಂದಿಗೆ, 50 ಪೌಂಡ್ ಬಿಲ್ಲಿಗೆ 28 ಅಂಗುಲದ ಬಾಣವಾದರೆ 500ರ ಸ್ಪೈನ್. 60 ಪೌಂಡಿಗೆ 28 ಅಂಗುಲವಾದರೆ 400. 70 ಪೌಂಡಿಗೆ 29 ಅಂಗುಲವಾದರೆ 340 ಅಥವಾ ಅದರ ಆಸುಪಾಸು. ಅಂತಿಮ ನಿರ್ಧಾರವನ್ನು ಮಾತ್ರ ಆಯಾ ದಂಡ ತಯಾರಕರು ಪ್ರಕಟಿಸುವ ಕೋಷ್ಟಕವನ್ನು ನೋಡಿಯೇ ಕೈಗೊಳ್ಳಬೇಕು.

ಎರಡು ಸ್ಪೈನ್‌ಗಳ ಗಡಿಯಲ್ಲಿರುವ ಗ್ರಾಹಕರಿಗೆ ಬಿಗುವಾದುದನ್ನೇ ಕೊಡುವುದು ಕ್ಷೇಮ. ಅಗತ್ಯಕ್ಕಿಂತ ತುಸು ಬಿಗುವಾದ ದಂಡವು ಕಾಂಪೌಂಡ್ ಬಿಲ್ಲಿನಲ್ಲಿ ಸಾಮಾನ್ಯವಾಗಿ ಸೈರಿಸಿಕೊಳ್ಳುವಂಥದು. ಅಗತ್ಯಕ್ಕಿಂತ ಮೆದುವಾದ ದಂಡವು ಅಪಾಯಕಾರಿ.

5. ತೂಕ: ವೇಗವೋ, ಬಲವೋ?

ಬಾಣದ ಒಟ್ಟು ತೂಕವೆಂದರೆ ದಂಡ, ಇನ್ಸರ್ಟ್, ಮೊನೆ, ನಾಕ್ ಮತ್ತು ಗರಿಗಳ ಮೊತ್ತ. ದಂಡದ ತೂಕವನ್ನು ಅಂಗುಲಕ್ಕೆ ಇಷ್ಟು ಗ್ರೇನ್ ಎಂದು ಪೊಟ್ಟಣದ ಮೇಲೆ ನಮೂದಿಸಿರುತ್ತಾರೆ.

ಸೆಳೆತದ ಪ್ರತಿ ಪೌಂಡಿಗೆ ಕನಿಷ್ಠ 5 ಗ್ರೇನ್ ತೂಕ ಇರಬೇಕು ಎಂಬುದು ಉದ್ಯಮವು ಒಪ್ಪಿಕೊಂಡ ಮಿತಿ. ಬಿಲ್ಲುಗಳ ವೇಗವನ್ನು ಪ್ರಚಾರಪತ್ರಗಳಲ್ಲಿ ಘೋಷಿಸುವಾಗಲೂ 70 ಪೌಂಡ್, 30 ಅಂಗುಲ, 350 ಗ್ರೇನ್ ಎಂಬ ಇದೇ ಪ್ರಮಾಣವನ್ನು ಬಳಸುತ್ತಾರೆ. ಈ ಮಿತಿಗಿಂತ ಹಗುರವಾದ ಬಾಣವು ಬಿಲ್ಲಿನ ಶಕ್ತಿಯನ್ನು ಪೂರ್ತಿ ಹೀರಿಕೊಳ್ಳಲಾರದು. ಉಳಿದ ಶಕ್ತಿಯು ಬಿಲ್ಲಿನ ತೋಳು, ಹೆದೆ ಹಾಗೂ ಕ್ಯಾಮ್‌ಗಳ ಮೇಲೆಯೇ ಬೀಳುತ್ತದೆ. ಬಾಣವಿಲ್ಲದೆ ಬರಿ ಹೆದೆಯನ್ನು ಬಿಟ್ಟರೆ ಬಿಲ್ಲು ಮುರಿಯುವುದೂ ಇದೇ ಕಾರಣದಿಂದ. ಕನಿಷ್ಠ ತೂಕಕ್ಕಿಂತ ಹಗುರವಾದ ಬಾಣ ಬಳಸಿದರೆ ಬಿಲ್ಲಿನ ವಾರಂಟಿಯೂ ರದ್ದಾಗಬಹುದು.

ಹಗುರವಾದ ಬಾಣಕ್ಕೆ ವೇಗ ಹೆಚ್ಚು. ದೂರದ ಅಂದಾಜಿನಲ್ಲಿ ತುಸು ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಭಾರವಾದ ಬಾಣಕ್ಕೆ ಸದ್ದು ಕಡಿಮೆ, ನುಗ್ಗುವ ಬಲ ಹೆಚ್ಚು. ಬೇಟೆಯಲ್ಲಿ ಎರಡನೆಯದಕ್ಕೇ ಪ್ರಾಶಸ್ತ್ಯ.

ಚಲನಶಕ್ತಿಯ ಲೆಕ್ಕ ಹೀಗಿದೆ: ಬಾಣದ ತೂಕವನ್ನು (ಗ್ರೇನ್) ವೇಗದ ವರ್ಗದಿಂದ (ವೇಗವು ಸೆಕೆಂಡಿಗೆ ಅಡಿಗಳಲ್ಲಿ) ಗುಣಿಸಿ 450240ರಿಂದ ಭಾಗಿಸಿದರೆ ಅಡಿ-ಪೌಂಡ್‌ಗಳಲ್ಲಿ ಶಕ್ತಿ ದೊರೆಯುತ್ತದೆ. ವ್ಯಾಪಾರದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕೈಪಿಡಿಯ ಪ್ರಕಾರ ಜಿಂಕೆಯ ಗಾತ್ರದ ಪ್ರಾಣಿಗೆ 25ರಿಂದ 41, ಎಲ್ಕ್, ಕಪ್ಪು ಕರಡಿ ಮತ್ತು ಕಾಡುಹಂದಿಗೆ 42ರಿಂದ 65 ಅಡಿ-ಪೌಂಡ್ ಬೇಕೆಂದು ಎಣಿಸಲಾಗುತ್ತದೆ.

6. ಮುಂಭಾರದ ಪ್ರಮಾಣ

ಬಾಣದ ತೂಕದ ಕೇಂದ್ರವು ನಡುವಿಗಿಂತ ಮುಂದಿದ್ದರೆ ಮಾತ್ರ ಅದು ಸ್ಥಿರವಾಗಿ ಹಾರಬಲ್ಲದು. ಸಿದ್ಧವಾದ ಬಾಣವನ್ನು ಬೆರಳ ಅಂಚಿನ ಮೇಲೆ ತೂಗಿಸಿ, ಸಮತೋಲ ಬಿಂದುವಿಗೂ ನಾಕ್‌ನ ಕಚ್ಚಿಗೂ ಇರುವ ದೂರವನ್ನು ಅಳೆಯಬೇಕು. ಅದರಲ್ಲಿ ಬಾಣದ ಅರ್ಧ ಉದ್ದವನ್ನು ಕಳೆದು, ಬಂದುದನ್ನು ಪೂರ್ಣ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಮುಂಭಾರದ ಶೇಕಡಾ ಪ್ರಮಾಣ ತಿಳಿಯುತ್ತದೆ. ಬೇಟೆ ಬಾಣಗಳಲ್ಲಿ ಇದು ಸಾಮಾನ್ಯವಾಗಿ ಶೇ. 10ರಿಂದ 15ರಷ್ಟಿರುತ್ತದೆ.

7. ದಂಡದ ವಸ್ತು

ಮರ: ಕಾಂಪೌಂಡ್ ಬಿಲ್ಲಿಗೆ ಮರದ ಬಾಣವನ್ನು ಮಾರಲೇಬಾರದು. ಒಂದರಂತೆ ಇನ್ನೊಂದರ ಬಿಗುವು ಇರುವುದಿಲ್ಲ. ಕ್ಯಾಮ್‌ಗಳ ಹೊಡೆತವನ್ನೂ ಅದು ತಾಳಲಾರದು.

ಅಲ್ಯೂಮಿನಿಯಂ: ಅಗ್ಗ, ತೂಕದಲ್ಲಿ ಏಕರೂಪ. ಬಾಗಿದರೆ ಕಣ್ಣಿಗೆ ಕಾಣುತ್ತದೆ. ಇದರ ಮೇಲಿನ ನಾಲ್ಕಂಕಿಯ ಗುರುತನ್ನು ಓದಲು ತಿಳಿದಿರಬೇಕು. 2315 ಎಂದರೆ ಹೊರವ್ಯಾಸವು ಅಂಗುಲದ 64ರಲ್ಲಿ 23 ಭಾಗ, ಕೊಳವೆಯ ಗೋಡೆಯ ದಪ್ಪ ಅಂಗುಲದ ಸಾವಿರದಲ್ಲಿ 15 ಭಾಗ.

ಕಾರ್ಬನ್: ಇಂದು ಬೇಟೆ ಬಾಣಗಳಲ್ಲಿ ಇದರದೇ ಪ್ರಾಬಲ್ಯ. ಹಗುರ, ಬಿಗುವು, ಬಾಗಿಯೇ ಉಳಿಯುವುದಿಲ್ಲ. ನೇರವಾಗಿರುತ್ತದೆ, ಇಲ್ಲವೇ ಒಡೆಯುತ್ತದೆ. ಒಳಗಿನ ಸೂಕ್ಷ್ಮ ಬಿರುಕು ಕಣ್ಣಿಗೆ ಕಾಣದಿರುವುದೇ ಇದರ ದೊಡ್ಡ ಅಪಾಯ.

ಕಾರ್ಬನ್ ದಂಡಗಳನ್ನು ನೇರತೆಯ ಆಧಾರದ ಮೇಲೆ ಅಂಗುಲದ ಸಾವಿರದಲ್ಲಿ 1, 3 ಮತ್ತು 6 ಭಾಗಗಳ ವ್ಯತ್ಯಾಸವೆಂದು ದರ್ಜೆಗಳಾಗಿ ವಿಂಗಡಿಸುತ್ತಾರೆ. ಬೆಲೆಯ ಅಂತರ ಬಹುಪಾಲು ಇಲ್ಲಿಯೇ ಇದೆ. ಇಪ್ಪತ್ತು ಮೂವತ್ತು ಗಜಗಳಿಂದ ಬಾಣ ಬಿಡುವ ಬೇಟೆಗಾರರಿಗೆ ಮಧ್ಯಮ ದರ್ಜೆಯೇ ಸಾಕು. 50 ಮೀಟರ್ ದೂರದ ಸ್ಪರ್ಧೆಗೆ ಉತ್ತಮ ದರ್ಜೆ ಬೇಕು. ಅಗತ್ಯವಿಲ್ಲದ ದರ್ಜೆಯನ್ನು ಹೊರಿಸದ ವರ್ತಕರನ್ನು ಗ್ರಾಹಕರು ಮತ್ತೆ ಅರಸಿಕೊಂಡು ಬರುತ್ತಾರೆ.

8. ಮೊನೆ, ಗರಿ, ನಾಕ್

ಬೇಟೆಯ ಮೊನೆಗೆ ಬ್ರಾಡ್‌ಹೆಡ್ ಎಂದು ಹೆಸರು. ಬ್ಲೇಡುಗಳು ಸ್ಥಿರವಾಗಿರುವುದು ಒಂದು ಬಗೆ. ತಾಗಿದಾಗ ಬಿಚ್ಚಿಕೊಳ್ಳುವುದು ಇನ್ನೊಂದು. ಎರಡನೆಯದು ಹಾರುವಾಗ ಗಾಳಿಗೆ ಅಡ್ಡ ಬಾರದಾದರೂ, ಬಿಚ್ಚಿಕೊಳ್ಳಲು ಬಾಣದ ಶಕ್ತಿಯ ಒಂದು ಪಾಲನ್ನು ಬಳಸಿಕೊಳ್ಳುತ್ತದೆ. ಆದುದರಿಂದ ಕಡಿಮೆ ಪೌಂಡಿನ ಬಿಲ್ಲಿಗೆ ಸ್ಥಿರ ಬ್ಲೇಡೇ ಲೇಸು. 100 ಮತ್ತು 125 ಗ್ರೇನ್ ಪ್ರಚಲಿತ ತೂಕಗಳು. ಅಭ್ಯಾಸದ ಮೊನೆಯೂ ಅದೇ ತೂಕದ್ದಾಗಿರಬೇಕು. ಅಮೆರಿಕದಲ್ಲಿ ಬ್ಲೇಡಿನ ಅಗಲ, ಬಿಲ್ಲಿನ ಕನಿಷ್ಠ ಬಲ ಮುಂತಾದ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿವೆ. ಹಿಮ್ಮುಳ್ಳಿರುವ ಮೊನೆಯನ್ನು ಹಲವು ರಾಜ್ಯಗಳು ನಿಷೇಧಿಸಿವೆ.

ಗರಿಗಳು ಈಗ ಬಹುತೇಕ ಪ್ಲಾಸ್ಟಿಕ್ಕಿನವು. ಮೂರು ಅಥವಾ ನಾಲ್ಕು ಇರುತ್ತವೆ. ತುಸು ಓರೆಯಾಗಿ ಅಂಟಿಸಿದರೆ ಬಾಣವು ತನ್ನ ಸುತ್ತ ತಿರುಗುತ್ತ ಸ್ಥಿರವಾಗಿ ಸಾಗುತ್ತದೆ. ನಾಕ್ ಹೆದೆಗೆ ಹಿತವಾಗಿ ಕಚ್ಚಿಕೊಳ್ಳಬೇಕು. ಬಿಗಿಯೂ ಆಗಬಾರದು, ತಾನಾಗಿ ಜಾರಲೂಬಾರದು.

9. ಒಂದು ಲೆಕ್ಕ

ಗ್ರಾಹಕರ ಬಿಲ್ಲು 60 ಪೌಂಡ್. ಬಾಣದ ಉದ್ದ 28 ಅಂಗುಲ. ಮೊನೆ 100 ಗ್ರೇನ್. ಉದ್ದೇಶ ಜಿಂಕೆ ಬೇಟೆ. ಸ್ಪೈನ್ 400 ಎಂದು ಕೋಷ್ಟಕ ಹೇಳುತ್ತದೆ. ಆಯ್ದ ದಂಡದ ತೂಕ ಅಂಗುಲಕ್ಕೆ 8.5 ಗ್ರೇನ್ ಎಂದಿಟ್ಟುಕೊಳ್ಳೋಣ.

ದಂಡ: 238 ಗ್ರೇನ್
ಇನ್ಸರ್ಟ್: 20 ಗ್ರೇನ್
ಮೊನೆ: 100 ಗ್ರೇನ್
ನಾಕ್: 10 ಗ್ರೇನ್
ಮೂರು ಗರಿ: 18 ಗ್ರೇನ್
ಒಟ್ಟು: 386 ಗ್ರೇನ್ (ಸುಮಾರು 25 ಗ್ರಾಂ)

ಕನಿಷ್ಠ ಮಿತಿ 60ರ ಐದರಷ್ಟು, ಅಂದರೆ 300 ಗ್ರೇನ್. ನಮ್ಮ ಬಾಣವು ಪೌಂಡಿಗೆ 6.4 ಗ್ರೇನಿನಷ್ಟಿದ್ದು ಸುರಕ್ಷಿತವಾಗಿದೆ. ವೇಗವು ಸೆಕೆಂಡಿಗೆ 260 ಅಡಿ ಎಂದಾದರೆ ಚಲನಶಕ್ತಿ ಸುಮಾರು 58 ಅಡಿ-ಪೌಂಡ್. ಜಿಂಕೆಗೆ ಬೇಕಾದುದಕ್ಕಿಂತ ಹೆಚ್ಚೇ ಇದೆ. ಸಮತೋಲ ಬಿಂದು ನಾಕ್‌ನಿಂದ 17.5 ಅಂಗುಲದಲ್ಲಿದ್ದರೆ, ಅದರಲ್ಲಿ 14 ಕಳೆದು ಉಳಿದ 3.5ನ್ನು 28ರಿಂದ ಭಾಗಿಸಿದಾಗ ಮುಂಭಾರ ಶೇ. 12.5. ಎಲ್ಲ ಪರೀಕ್ಷೆಗಳಲ್ಲೂ ಬಾಣ ತೇರ್ಗಡೆಯಾಯಿತು.

10. ಸುರಕ್ಷತೆ

ಕಾರ್ಬನ್ ಬಾಣವನ್ನು ಪ್ರತಿ ಬಾರಿ ಹೂಡುವ ಮುನ್ನ ಎರಡೂ ತುದಿ ಹಿಡಿದು, ಮುಖದಿಂದ ದೂರದಲ್ಲಿ ಮೆಲ್ಲನೆ ಬಾಗಿಸಿ, ತಿರುಚಿ ನೋಡಬೇಕು. ಚಿಟಿಚಿಟಿ ಸದ್ದು ಬಂದರೆ, ಸೀಳು ಕಂಡರೆ, ಒಂದು ದಿಕ್ಕಿಗೆ ಸಲೀಸಾಗಿ ಬಾಗಿದರೆ ಆ ಬಾಣವನ್ನು ಮುರಿದು ಎಸೆಯಬೇಕು. ಹತ್ತಿಯುಂಡೆಯನ್ನು ದಂಡದ ಉದ್ದಕ್ಕೂ ಸವರಿದರೆ ಎದ್ದ ಎಳೆಗಳಿಗೆ ಅದು ಸಿಕ್ಕಿಕೊಳ್ಳುತ್ತದೆ. ಗಟ್ಟಿ ವಸ್ತುವಿಗೆ ಬಡಿದ ಬಾಣವನ್ನೂ, ಇನ್ನೊಂದು ಬಾಣ ತಾಗಿದ ಬಾಣವನ್ನೂ ತಪ್ಪದೆ ಪರೀಕ್ಷಿಸತಕ್ಕದ್ದು. ಈ ಸೂಚನೆಯನ್ನು ಪ್ರತಿ ಪೊಟ್ಟಣದಲ್ಲಿ ಮುದ್ರಿಸಿ ಇಡುವುದು ಮಾರುವವರ ಕರ್ತವ್ಯ. ಒಂದು ಹಾಳೆಯ ಖರ್ಚನ್ನು ಉಳಿಸಲು ಹೋಗಿ ಒಬ್ಬರ ಅಂಗೈಯನ್ನು ಪಣಕ್ಕಿಡುವುದು ಸಲ್ಲದು.

11. ರಫ್ತುದಾರರು ತಿಳಿಯಬೇಕಾದ ತೆರಿಗೆ

ಅಮೆರಿಕದಲ್ಲಿ ಬಿಲ್ಲುಬಾಣಗಳ ಮೇಲೆ ಕೇಂದ್ರ ಅಬಕಾರಿ ತೆರಿಗೆಯಿದೆ. ವನ್ಯಜೀವಿ ಸಂರಕ್ಷಣೆಗೆ ಹಣ ಒದಗಿಸುವ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯ ವ್ಯಾಪ್ತಿಗೆ ಬಿಲ್ಲುಗಾರಿಕೆಯನ್ನು 1972ರಲ್ಲಿ ಸೇರಿಸಲಾಯಿತು. 30 ಪೌಂಡ್ ಮತ್ತು ಅದಕ್ಕೂ ಹೆಚ್ಚಿನ ಬಿಲ್ಲುಗಳು, ಮೊನೆ, ಬ್ರಾಡ್‌ಹೆಡ್, ಬತ್ತಳಿಕೆ ಇವುಗಳಿಗೆ ಶೇ. 11ರ ದರ. ಬಾಣದ ದಂಡಕ್ಕೆ ಮಾತ್ರ ಬೇರೆ ಕ್ರಮ. ಹಿಂದೆ ಬಾಣದ ಬಿಡಿಭಾಗಗಳ ಮೇಲೆ ತೆರಿಗೆಯಿದ್ದುದರಿಂದ, ಹೊರದೇಶದಲ್ಲಿ ಪೂರ್ತಿ ಜೋಡಿಸಿ ತಂದ ಬಾಣಗಳು ತಪ್ಪಿಸಿಕೊಳ್ಳುತ್ತಿದ್ದವು. 2004ರ ಕಾನೂನು ಈ ಕಿಂಡಿಯನ್ನು ಮುಚ್ಚಿ, ಪ್ರತಿ ದಂಡಕ್ಕೆ 39 ಸೆಂಟ್ ಎಂದು ನಿಗದಿಪಡಿಸಿತು. ಹಣದುಬ್ಬರಕ್ಕೆ ಅನುಗುಣವಾಗಿ ಈ ಮೊತ್ತವನ್ನು ವರ್ಷವರ್ಷವೂ ಪರಿಷ್ಕರಿಸಲಾಗುತ್ತದೆ. ಮಕ್ಕಳ ಬಿಲ್ಲಿಗೆ ಬಳಸುವ, ಅಂಗುಲದ 16ರಲ್ಲಿ 5 ಭಾಗಕ್ಕೆ ಮೀರದ ವ್ಯಾಸದ ಮರದ ದಂಡಗಳಿಗೆ 2008ರಿಂದ ವಿನಾಯಿತಿಯಿದೆ.

ತೆರಿಗೆಯನ್ನು ಕಟ್ಟುವವರು ಅಲ್ಲಿನ ತಯಾರಕರು ಅಥವಾ ಆಮದುದಾರರು. ಆದರೆ ಅದರ ಪರಿಣಾಮ ನಮ್ಮ ಬೆಲೆಯ ಮೇಲೂ ಆಗುತ್ತದೆ. ದಂಡಕ್ಕಿಷ್ಟು ಎಂಬ ಸ್ಥಿರ ಮೊತ್ತವಾದುದರಿಂದ ಅಗ್ಗದ ಸರಕಿಗೆ ಅದು ಹೆಚ್ಚು ಭಾರ. ಆರಂಭದ 39 ಸೆಂಟ್ ದರದಲ್ಲೇ ಲೆಕ್ಕ ಹಾಕಿದರೂ 2 ಡಾಲರಿನ ದಂಡದ ಮೇಲೆ ಅದು ಶೇ. 19.5, 10 ಡಾಲರಿನ ದಂಡದ ಮೇಲೆ ಶೇ. 3.9 ಮಾತ್ರ. ಅಗ್ಗದ ಬೆಲೆಯೊಂದನ್ನೇ ನಂಬಿ ಈ ಮಾರುಕಟ್ಟೆಗೆ ಇಳಿಯುವವರು ಇದನ್ನು ಮೊದಲು ಗಮನಿಸಲಿ.

12. ಸಣ್ಣ ತಯಾರಕರಿಗೆ ಸೂಚನೆಗಳು

ಕಾರ್ಬನ್ ದಂಡದ ತಯಾರಿಕೆಗೆ ಭಾರಿ ಬಂಡವಾಳ ಬೇಕು. ಆದರೆ ಇನ್ಸರ್ಟ್ ಮತ್ತು ಮೊನೆಗಳು ಲೇತ್ ಕೆಲಸದ ಭಾಗಗಳು. ನಮ್ಮ ಕೈಗಾರಿಕಾ ವಸಾಹತುಗಳ ಸಿಎನ್‌ಸಿ ಘಟಕಗಳಿಗೆ ಅಪರಿಚಿತವಾದುವಲ್ಲ. ತಿರುಗಿಸಿ ಕೂರಿಸುವ ಮೊನೆಗಳಿಗೆ 8-32 ಎಂಬ ತಿರುಪು ಮಾನಕವಾಗಿದೆ. ಮೆಟ್ರಿಕ್ ತಿರುಪು ಹಾಕಿದರೆ ಸರಕು ವಾಪಸಾಗುವುದು ಖಚಿತ. ದಂಡದ ಒಳವ್ಯಾಸಗಳಲ್ಲಿ 0.246, 0.204 ಮತ್ತು 0.166 ಅಂಗುಲಗಳು ಪ್ರಚಲಿತವಾಗಿದ್ದು, ಇನ್ಸರ್ಟ್ ಅದಕ್ಕೆ ಸರಿಯಾಗಿರಬೇಕು. 100 ಗ್ರೇನ್ ಎಂದು ನಮೂದಿಸಿದ ಮೊನೆಯು ಪೆಟ್ಟಿಗೆಯ ಮೊದಲನೆಯದರಿಂದ ಕೊನೆಯದರವರೆಗೆ 100 ಗ್ರೇನೇ ತೂಗಬೇಕು. ಕೊಳ್ಳುವವರ ಬಳಿ ಗ್ರೇನ್ ತಕ್ಕಡಿ ಇದ್ದೇ ಇರುತ್ತದೆ ಎಂಬುದನ್ನು ಮರೆಯಬಾರದು.

ಬಾಣ ಜೋಡಿಸಿ ಮಾರುವವರು ಕಾರ್ಬನ್ ದಂಡವನ್ನು ವೇಗವಾಗಿ ತಿರುಗುವ ಉಜ್ಜುಚಕ್ರದಿಂದಲೇ ಕತ್ತರಿಸಬೇಕು. ಪೈಪ್ ಕಟರ್ ಅಥವಾ ಹ್ಯಾಕ್ಸಾ ಬಳಸಿದರೆ ಎಳೆಗಳು ಸೀಳುತ್ತವೆ. ದೂಳು ಶ್ವಾಸಕೋಶಕ್ಕೆ ಹಾನಿಕರವಾದುದರಿಂದ ಕೆಲಸಗಾರರಿಗೆ ಮುಖಗವಸು ಮತ್ತು ದೂಳು ಹೀರುವ ವ್ಯವಸ್ಥೆ ಕಡ್ಡಾಯವಾಗಿರಲಿ. ಅತಿಯಾದ ಕಾವು ಕಾರ್ಬನ್ ದಂಡದ ರಾಳವನ್ನು ಕೆಡಿಸುತ್ತದೆ. ಇನ್ಸರ್ಟ್ ಅಂಟಿಸಲು ಎಪಾಕ್ಸಿ ಸೂಕ್ತ.

ದಾಸ್ತಾನಿನ ಬಗ್ಗೆ ಒಂದು ಮಾತು. 300, 340, 400 ಮತ್ತು 500 ಎಂಬ ನಾಲ್ಕು ಸ್ಪೈನ್‌ಗಳಿದ್ದರೆ ವಯಸ್ಕ ಗ್ರಾಹಕರಲ್ಲಿ ಬಹುಪಾಲು ಮಂದಿಗೆ ಸಾಲುತ್ತದೆ. ಬಣ್ಣ ಮತ್ತು ಚಿತ್ತಾರಗಳ ವೈವಿಧ್ಯಕ್ಕೆ ಹಣ ಹೂಡುವ ಬದಲು ಈ ನಾಲ್ಕನ್ನು ಸದಾ ಇಟ್ಟಿರುವುದು ಜಾಣತನ. ಬೇಕಾದ ಸ್ಪೈನ್ ಇಲ್ಲದಿದ್ದಾಗ ಇರುವುದನ್ನೇ ಸಾಗಹಾಕುವ ಆಸೆ ಯಾರಿಗಾದರೂ ಹುಟ್ಟೀತು. ಅಂಥ ವ್ಯಾಪಾರವನ್ನು ಬಿಟ್ಟುಕೊಡುವುದೇ ಲಾಭ.

ಅಭ್ಯಾಸ

ಪ್ರಶ್ನೆ 1: 70 ಪೌಂಡ್ ಬಿಲ್ಲಿನ ಗ್ರಾಹಕರು 330 ಗ್ರೇನಿನ ಬಾಣ ಕೇಳುತ್ತಿದ್ದಾರೆ. ಕೊಡಬಹುದೇ?
ಉತ್ತರ: ಕೊಡಲಾಗದು. ಕನಿಷ್ಠ 350 ಗ್ರೇನ್ ಬೇಕು.

ಪ್ರಶ್ನೆ 2: 29 ಅಂಗುಲದ ಬಾಣದ ಸಮತೋಲ ಬಿಂದು ನಾಕ್‌ನಿಂದ 18 ಅಂಗುಲದಲ್ಲಿದೆ. ಮುಂಭಾರ ಎಷ್ಟು?
ಉತ್ತರ: 18ರಲ್ಲಿ 14.5 ಕಳೆದರೆ 3.5, ಅದನ್ನು 29ರಿಂದ ಭಾಗಿಸಿದರೆ ಸುಮಾರು ಶೇ. 12.

ಪ್ರಶ್ನೆ 3: ಗ್ರಾಹಕರು ಅದೇ ದಂಡಕ್ಕೆ 100ರ ಬದಲು 150 ಗ್ರೇನ್ ಮೊನೆ ಹಾಕಿಸಲು ಬಂದಿದ್ದಾರೆ. ಏನು ಮಾಡಬೇಕು?
ಉತ್ತರ: ಮೊನೆ ಭಾರವಾದರೆ ದಂಡ ಹೆಚ್ಚು ಬಾಗುತ್ತದೆ. ಕೋಷ್ಟಕವನ್ನು ಮತ್ತೆ ನೋಡಿ, ಅಗತ್ಯವಾದರೆ ಹೆಚ್ಚು ಬಿಗುವಾದ ದಂಡವನ್ನು ಸೂಚಿಸಬೇಕು.

ಉಪಸಂಹಾರ

ಒಟ್ಟಿನಲ್ಲಿ ಹೇಳುವುದಾದರೆ, ಬಾಣವನ್ನು ಬಿಲ್ಲಿಗೆ ಹೊಂದಿಸಿ ಮಾರಬೇಕೇ ಹೊರತು ಗ್ರಾಹಕರ ಜೇಬಿಗೆ ಮಾತ್ರ ಹೊಂದಿಸಿ ಅಲ್ಲ. ಮೊದಲು ಸ್ಪೈನ್, ಅನಂತರ ತೂಕ, ಬಳಿಕ ಮುಂಭಾರ, ಆಮೇಲೆ ವಸ್ತು ಮತ್ತು ದರ್ಜೆ, ಕಡೆಯಲ್ಲಿ ಬೆಲೆ: ಈ ಕ್ರಮವನ್ನು ಅನುಸರಿಸಿದರೆ ತಪ್ಪಿಗೆ ಎಡೆಯಿಲ್ಲ. ಗ್ರಾಹಕರ ನಾಲ್ಕು ವಿವರಗಳನ್ನು ಬಿಲ್ಲಿನ ಪ್ರತಿಯೊಂದಿಗೆ ಕಡತದಲ್ಲಿಟ್ಟ ವರ್ತಕರಿಗೆ ಮುಂದಿನ ಮಾರಾಟವೂ ಸುಲಭ, ತಕರಾರು ಬಂದಾಗ ದಾಖಲೆಯೂ ಸಿದ್ಧ. ಬಾಂಧವರು ಈ ಪಾಠದ ಸದುಪಯೋಗ ಪಡೆದುಕೊಳ್ಳುವರೆಂದು ಆಶಿಸಲಾಗಿದೆ.